‘ನೆನಪಿದೆಯಾ?’ ಎಂದು ಕೇಳಬೇಡ

ಮಗಾ, ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಅಣ್ಣನನ್ನು ನೋಡಲು ಬಂದವರೆಲ್ಲ ‘ನಾನು ಯಾರು ಹೇಳು ನೋಡೋಣ, ನೆನಪಿದೆಯಾ?’ ಎಂದು ಕೇಳುತ್ತಿದ್ದಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಇನ್ನು ಮೇಲೆ ಆ ಪ್ರಶ್ನೆಯನ್ನು ಬಾಗಿಲಲ್ಲೇ ತಡೆಯುವ ಕೆಲಸ ನಿನ್ನದು. ‘ಅಣ್ಣಾ, ಡೊಂಬಿವಲಿಯ ಮಾವ ಬಂದಿದ್ದಾರೆ’ ಎಂದು ನೀನೇ ಮೊದಲು ಹೇಳಿಬಿಡು.

ಪೆಟ್ಟು ಬಿದ್ದು ನೆನಪು ಸೋತವರು ಊಹಿಸಿ ತಪ್ಪು ಹೇಳಿದರೆ, ನಾವು ತಿದ್ದಿದ್ದು ಮರೆತುಹೋಗಿ ಬಾಯಿಂದ ಬಂದ ತಪ್ಪೇ ಉಳಿದುಬಿಡಬಹುದು. ಇಂಗ್ಲೆಂಡಿನ ಅಲನ್ ಬ್ಯಾಡ್ಲಿ, ಬಾರ್ಬರಾ ವಿಲ್ಸನ್ 1994ರಲ್ಲೇ ಇದನ್ನು ತೋರಿಸಿಕೊಟ್ಟರು. ಇಂಥವರಿಗೆ ತಪ್ಪು ಮಾಡಲು ಎಡೆಯೇ ಕೊಡದೆ ಕಲಿಸಬೇಕು. ವಾರ್ಡಿನಲ್ಲಿ ದಾದಿಯಾಗಿದ್ದಾಗ ನಾನು ಕಂಡದ್ದೂ ಅದನ್ನೇ.

‘ಸ್ಕ್ಯಾನ್ ಸರಿಯಿದೆ, ಮತ್ತೇಕೆ ಹೀಗೆ ಸಿಡುಕುತ್ತಾನೆ?’ ಎಂದು ಅತ್ತಿಗೆ ಅತ್ತಳಲ್ಲ. ಸ್ಕೂಟರಿನಿಂದ ಎಸೆಯಲ್ಪಟ್ಟಾಗ ಬುರುಡೆಯೊಳಗೆ ಮಿದುಳೂ ಜಾರುತ್ತದೆ. ಹಣೆಯ ಹಿಂದೆ, ಕಣತಲೆಯ ಬಳಿ ಒಳಮೂಳೆ ಒರಟು. ಹೆಚ್ಚಾಗಿ ಜಜ್ಜುವುದು ಅಲ್ಲೇ. ಕೋಪ ಹಿಡಿದಿಡುವ, ಕೆಲಸ ಯೋಜಿಸುವ, ನೆನಪು ಕೂಡಿಡುವ ಭಾಗಗಳಿರುವುದೂ ಅಲ್ಲೇ. ಎಳೆದು ಹರಿದ ಸೂಕ್ಷ್ಮ ನರತಂತುಗಳು ಸಿಟಿ ಸ್ಕ್ಯಾನಿನಲ್ಲಿ ಕಾಣದೆ ಹೋಗಬಹುದು. ಅತ್ತಿಗೆಗೆ ಇದನ್ನು ಬಿಡಿಸಿ ಹೇಳು. ಅವನ ಸಿಟ್ಟು ಅವಳ ಮೇಲಿನದಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು ಗಮನಶಕ್ತಿಗೆ ಮರುತರಬೇತಿ ಕೊಡುವ ದಾರಿ ಕಟ್ಟಿದರು. ತಲೆಗೆ ಪೆಟ್ಟಾದವರ ಬಗ್ಗೆ ಅವರ ಬರಹ 1999ರಲ್ಲೇ ಬಂದಿದೆ. ಅಲ್ಲಿನ ಅಭ್ಯಾಸಗಳಲ್ಲಿ ಬೆರೆಸಿದ ಕಾಳು ಬೇರ್ಪಡಿಸುವುದೂ ಒಂದು. ನಮ್ಮ ಅಡುಗೆಮನೆಯಲ್ಲೇ ಇದೆಯಲ್ಲ! ಮನಶ್ಶಾಸ್ತ್ರಜ್ಞರನ್ನು ಕೇಳಿ ಶುರುಮಾಡು. ಮೊದಲು ಹೆಸರು, ಕಡಲೆ ಎರಡೇ. ಹಿಡಿದ ಸಮಯ, ಆದ ತಪ್ಪು ಬರೆದಿಡು. ಎರಡೂ ಇಳಿದ ಮೇಲೆ ಹುರುಳಿ ಸೇರಿಸು. ಅಭ್ಯಾಸದ ಹೊತ್ತಿಗೆ ಟಿವಿ ಬೇಡ. ಘೋಡಬಂದರ್ ರಸ್ತೆಯ ಕಡೆಗಿನ ಕಿಟಕಿಯನ್ನೂ ಮುಚ್ಚು. ಕಂಟೇನರ್ ಲಾರಿಗಳ ಸದ್ದು ನಮಗೆ ರೂಢಿಯಾಗಿದೆ, ಅವನ ಮಿದುಳಿಗೆ ಅದೂ ಒಂದು ಹೊರೆ. ದಣಿದರೆ ನಿಲ್ಲಿಸು. ಈ ದಣಿವು ಸೋಮಾರಿತನವಲ್ಲ.

ಕಾಳು ಆರಿಸಿದ ಮಾತ್ರಕ್ಕೆ ಬದುಕು ಕೈಗೆ ಬರುವುದಿಲ್ಲ ಅನ್ನುವುದೂ ನಿಜ. ಅದಕ್ಕೇ ಒಂದು ಡೈರಿ, ಒಂದೇ ಜಾಗ, ಮೊಬೈಲಿನಲ್ಲಿ ಮಾತ್ರೆಯ ಅಲಾರಂ. ಡೈರಿಯನ್ನು ಅವನೇ ತೆರೆಯುವಂತೆ ನೋಡಿಕೋ. ನೀನು ಓದಿ ಹೇಳುತ್ತಾ ಹೋದರೆ ಅವನ ನೆನಪು ನೀನಾಗುತ್ತೀಯೇ ಹೊರತು ಡೈರಿಯಲ್ಲ.

ಹೋಟೆಲಿನ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ವೈದ್ಯರು ಒಪ್ಪಿದ ಮೇಲೆ ಕಳಿಸು, ಆದರೆ ಕೂಡಲೇ ಗಲ್ಲಾದಲ್ಲಿ ಕೂರಿಸಬೇಡ. ಊಟದ ಹೊತ್ತಿನ ಗಲಾಟೆಯಲ್ಲಿ ಬಿಲ್ಲು, ಚಿಲ್ಲರೆ, ಫೋನು ಒಟ್ಟಿಗೆ ಬಂದರೆ ಸೋಲುತ್ತಾನೆ, ಆ ಸೋಲು ನಾಲ್ಕು ಜನರ ಮುಂದೆ ಆಗುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗಂಟೆ ಉಗ್ರಾಣದ ಸಾಮಾನು ಪಟ್ಟಿ ಮಾಡಲಿ. ಯಜಮಾನರ ಹತ್ತಿರ ನಾನೇ ಮಾತಾಡುತ್ತೇನೆ.

‘ನನಗೇನೂ ಆಗಿಲ್ಲ’ ಎಂದು ಅವನು ಅನ್ನುವುದು ಸುಳ್ಳಲ್ಲ. ತನ್ನ ಕೊರತೆ ತನಗೇ ಕಾಣದಿರುವುದೂ ಈ ಪೆಟ್ಟಿನದೇ ಭಾಗ. ವಾದಕ್ಕೆ ಇಳಿಯಬೇಡ. ಆದರೆ ವೈದ್ಯರು ಹೇಳುವ ತನಕ ಸ್ಕೂಟರಿನ ಕೀ ಅವನ ಕೈಗೆ ಸಿಗಬಾರದು. ಕೇಳಿದರೆ, ದೊಡ್ಡಮ್ಮನ ಹತ್ತಿರ ಇದೆ ಅನ್ನು. ನಾಳೆ ತಂದು ನನಗೆ ಕೊಡು.