ಡಿಜಿಟಲ್ ಥೆರಪ್ಯುಟಿಕ್ಸ್: ತರಗತಿಗೆ ಬಂದ ಆ್ಯಪ್ ಮದ್ದು

ಹೆಜ್ಜೆ ಎಣಿಸುವ ಆ್ಯಪ್ ಬರೀ ಡಿಜಿಟಲ್ ಹೆಲ್ತ್. ಕಾಯಿಲೆಗೇ ಚಿಕಿತ್ಸೆ ಕೊಡುವ, ಪುರಾವೆಯುಳ್ಳ ಸಾಫ್ಟ್‌ವೇರ್ ಡಿಜಿಟಲ್ ಥೆರಪ್ಯುಟಿಕ್ಸ್. ಪರೀಕ್ಷೆಯ ಬಹು ಆಯ್ಕೆ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಹಾಸೋ ಪ್ಲಾಟ್ನರ್ ಸಂಸ್ಥೆಯಲ್ಲಿ ಡಿಜಿಟಲ್ ಹೆಲ್ತ್ ಸ್ನಾತಕೋತ್ತರ ಪದವಿಯೇ ಇದೆ. ವೈದ್ಯಕೀಯ ಓದಿದವರಿಗೂ ಕಂಪ್ಯೂಟರ್ ಓದಿದವರಿಗೂ ಪ್ರವೇಶವುಂಟು. ಅದೇ ದೇಶದ 2019ರ ಕಾಯ್ದೆಯಂತೆ ವೈದ್ಯರು ಚೀಟಿಯಲ್ಲಿ ಆ್ಯಪ್ ಬರೆಯಬಹುದು, ಖರ್ಚು ಆರೋಗ್ಯ ವಿಮೆಯದ್ದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ವ್ಯಸನ ಚಿಕಿತ್ಸೆಯ ‘ರೀಸೆಟ್’ ಆ್ಯಪ್‌ಗೆ, 2020ರಲ್ಲಿ ‘ಎಂಡೆವರ್‌ಆರ್‌ಎಕ್ಸ್’ಗೆ ಅನುಮತಿ ಕೊಟ್ಟಿತು. ಎರಡನೆಯದು ವಿಡಿಯೊ ಗೇಮ್! ಆಗ ಅನುಮತಿ ಇದ್ದದ್ದು 8–12 ವರ್ಷದವರಿಗೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಇರುವ ಮಕ್ಕಳು ಟ್ಯಾಬ್ಲೆಟ್ ವಾಲಿಸಿ ಅಡ್ಡಿ ತಪ್ಪಿಸುತ್ತಲೇ ಗುರಿ ಕಂಡೊಡನೆ ತೆರೆ ತಟ್ಟಬೇಕು. ರೀಸೆಟ್ ತಯಾರಿಸಿದ ಪೇರ್ ಕಂಪನಿ 2023ರಲ್ಲಿ ದಿವಾಳಿಯಾಯಿತು. ಅನುಮತಿ ಸಿಕ್ಕರೆ ಸಾಲದು, ದುಡ್ಡು ಕೊಡುವವರೂ ಬೇಕಲ್ಲ.

ಇನ್ನು ಭಾರತದ ಡಿಜಿಟಲ್ ಹೆಲ್ತ್: ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಚಾಲನೆ 2021ರ ಸೆಪ್ಟೆಂಬರ್ 27. ಅದು ಕೊಡುವ ಆರೋಗ್ಯ ಖಾತೆಯ ‘ಅಭಾ’ ಸಂಖ್ಯೆ 14 ಅಂಕಿಯದ್ದು. ಆಧಾರ್‌ನಂತೆ 12 ಅಲ್ಲ.