ಸಿರಿಂಜ್ ಪಂಪ್ ಎಲ್ಲಿ ಹೋಯ್ತು?

ದೊಡ್ಡ ಆಸ್ಪತ್ರೆಯೊಂದರ ರಾತ್ರಿ ಪಾಳಿಯ ಸಿಸ್ಟರ್‌ಗಳನ್ನು ಕೇಳಿ ನೋಡಿ. ಸಿರಿಂಜ್ ಪಂಪ್ ಬೇಕಾದ ಹೊತ್ತಿಗೆ ಇರಬೇಕಾದ ಕಡೆ ಇರುವುದಿಲ್ಲ. ಪಕ್ಕದ ವಾರ್ಡಿನವರು ಎರವಲು ಒಯ್ದಿರುತ್ತಾರೆ, ಇಲ್ಲವೇ ನಾಳೆಗೆ ಬೇಕಾದೀತೆಂದು ಯಾರೋ ಬೀರುವಿನಲ್ಲಿ ಬಚ್ಚಿಟ್ಟಿರುತ್ತಾರೆ. ಉಪಕರಣಕ್ಕೆ ಟ್ಯಾಗ್ ಅಂಟಿಸಿ ಅದರ ಜಾಗವನ್ನು ಕಂಪ್ಯೂಟರಿನಲ್ಲಿ ನೋಡುವ ವ್ಯವಸ್ಥೆಗಳು ಈಗ ಹಲವಿವೆ. ಯಾವುದನ್ನು ಕೊಳ್ಳಬೇಕು ಎನ್ನುವಲ್ಲೇ ದುಡ್ಡು ಪೋಲಾಗುವುದು.

ಜಿಪಿಎಸ್ ಆಸೆ ಬಿಡಿ. ಸುಮಾರು 20,000 ಕಿ.ಮೀ. ಮೇಲಿನ ಉಪಗ್ರಹದ ಸಂಕೇತ ಆರ್‌ಸಿಸಿ ಚಾವಣಿ ದಾಟುವ ಹೊತ್ತಿಗೆ ಉಸಿರು ಬಿಟ್ಟಿರುತ್ತದೆ.

ಮೊದಲ ಕೆಲಸ, ಒಂದು ಹಾಳೆಯಲ್ಲಿ ಹುಡುಕುವವರ ಪ್ರಶ್ನೆ ಬರೆಯಿರಿ. ವಸ್ತು ಕಟ್ಟಡದಿಂದ ಹೊರಗೆ ಹೋಯಿತೇ? ಯಾವ ಮಹಡಿಯಲ್ಲಿದೆ? ಯಾವ ಕೋಣೆಯಲ್ಲಿದೆ? ಮಾರುವವರು ಮೀಟರು, ಸೆಂಟಿಮೀಟರುಗಳ ಲೆಕ್ಕ ಹೇಳುತ್ತಾರೆ. ಸಿಸ್ಟರ್‌ಗೆ ಬೇಕಿರುವುದು ಗೋಡೆಯ ಲೆಕ್ಕ. ಒಂದೇ ಕೋಣೆಯೊಳಗೆ ಮೂರು ಮೀಟರ್ ತಪ್ಪಿದರೆ ತಲೆ ಎತ್ತಿ ನೋಡಿದರಾಯಿತು. ಅದೇ ಮೂರು ಮೀಟರ್ ಮಹಡಿ ತಪ್ಪಿಸಿದರೆ ಲಿಫ್ಟಿಗೆ ಕಾಯಬೇಕು.

ಬಾಗಿಲು ದಾಟಿದ್ದಷ್ಟೇ ತಿಳಿದರೆ ಸಾಕು ಎನ್ನುವವರಿಗೆ ಬ್ಯಾಟರಿಯಿಲ್ಲದ ಆರ್‌ಎಫ್‌ಐಡಿ ಟ್ಯಾಗ್ ಸಾಕು. ಕಾರಿನ ಗಾಜಿಗಂಟಿಸುವ ಫಾಸ್ಟ್ಯಾಗ್ ಇದೇ ಜಾತಿಯದು. ಟ್ಯಾಗ್ ಅಗ್ಗ, ರೀಡರ್ ದುಬಾರಿ. ಟೋಲ್‌ಗೇಟಿನಲ್ಲಿ ಕಾರು ಕಾಣಿಸುವಂತೆ ವಸ್ತು ರೀಡರ್ ಮುಂದೆ ಬಂದಾಗ ಮಾತ್ರ ಕಾಣಿಸುತ್ತದೆ, ಮುಂದೆ ಎಲ್ಲಿ ಹೋಯಿತೋ ಗೊತ್ತಾಗದು. ಲೋಹದ ಮೇಲೆ ಸಾಮಾನ್ಯ ಟ್ಯಾಗ್ ಓದಿಸಿಕೊಳ್ಳುವುದಿಲ್ಲ. ಸ್ಟ್ರೆಚರಿಗೆ, ವೀಲ್‌ಚೇರಿಗೆ ಲೋಹಕ್ಕೆಂದೇ ಮಾಡಿದ ಟ್ಯಾಗ್ ಕೇಳಿ.

ಹೆಚ್ಚಿನ ಆಸ್ಪತ್ರೆಗಳಿಗೆ ಒಗ್ಗುವುದು ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಎಂದು ನನ್ನ ಎಣಿಕೆ. ನಾಣ್ಯದಂಥ ಸೆಲ್ ಇರುವ ಪುಟ್ಟ ಟ್ಯಾಗ್ ಕೆಲವು ಸೆಕೆಂಡಿಗೊಮ್ಮೆ 'ನಾನಿಲ್ಲಿದ್ದೇನೆ' ಎನ್ನುತ್ತಿರುತ್ತದೆ. ಗೋಡೆಯ ಮೇಲಿನ ಗ್ರಾಹಕಗಳು ಆ ದನಿ ಎಷ್ಟು ಜೋರಾಗಿದೆ ಎಂಬುದರಿಂದ ದೂರ ಅಂದಾಜಿಸುತ್ತವೆ. ತೊಂದರೆ ಇಲ್ಲೇ. 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ಮನುಷ್ಯನ ಮೈತುಂಬ ನೀರು. ಸಂದರ್ಶಕರ ಹೊತ್ತಿನಲ್ಲಿ ಕಾರಿಡಾರ್ ತುಂಬಿದಾಗ, ಪಂಪ್ ಅಲುಗದಿದ್ದರೂ ಪರದೆಯ ಮೇಲೆ ಅದು ಓಡಾಡುತ್ತದೆ. ಕೊಳ್ಳುವ ಮೊದಲು ನಿಮ್ಮ ವೈಫೈ ಪೆಟ್ಟಿಗೆಗಳ ಮಾದರಿ ಸಂಖ್ಯೆ ನೋಡಿ. ಹಲವು ಹೊಸ ಮಾದರಿಗಳೊಳಗೆ ಬ್ಲೂಟೂತ್ ಇರುತ್ತದೆ. ಗ್ರಾಹಕದ ಖರ್ಚು ಉಳಿದೀತು.

ಅಲ್ಟ್ರಾ ವೈಡ್‌ಬ್ಯಾಂಡ್ ದನಿಯ ಜೋರನ್ನಲ್ಲ, ಅಲೆ ಬಂದು ಮುಟ್ಟುವ ಸಮಯವನ್ನು ಅಳೆಯುತ್ತದೆ. ಒಂದು ನ್ಯಾನೊಸೆಕೆಂಡಿಗೆ ಅಲೆ ಸಾಗುವುದು 30 ಸೆಂ.ಮೀ., ಹಾಗಾಗಿ ಗೇಣಿನ ಲೆಕ್ಕದಲ್ಲಿ ಜಾಗ ಹೇಳಬಲ್ಲದು. ಆದರೆ ಕೋಣೆಗೆ ಮೂರ್ನಾಲ್ಕು ಗ್ರಾಹಕ, ಅಷ್ಟೂ ಕಡೆ ವೈರಿಂಗ್. ಪಂಪ್ ಹುಡುಕಲು ಅಷ್ಟು ಬೇಡ. ಕೋಣೆ ಖಚಿತವಾಗಲೇಬೇಕಾದಲ್ಲಿ ಟ್ಯಾಗಿಗೆ ಇನ್‌ಫ್ರಾರೆಡ್ ಜೋಡಿಸಿಕೊಳ್ಳಿ. ಟಿವಿ ರಿಮೋಟಿನಂತೆ ಅದೂ ಗೋಡೆ ದಾಟದು. ಆ ಕೊರತೆಯೇ ಇಲ್ಲಿ ಗುಣ.

ಐಸಿಯುಗೆ ಬಯೋಮೆಡಿಕಲ್ ಎಂಜಿನಿಯರ್ ಒಪ್ಪಿಗೆಯಿಲ್ಲದೆ ಏನನ್ನೂ ತರಬೇಡಿ. 2008ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಮ್‌ನ ಅಧ್ಯಯನದಲ್ಲಿ ಐಸಿಯು ಉಪಕರಣಗಳ ಬಳಿ ಆರ್‌ಎಫ್‌ಐಡಿ ಇಟ್ಟು ಮಾಡಿದ 123 ಪರೀಕ್ಷೆಗಳಲ್ಲಿ 34 ಬಾರಿ ಉಪಕರಣಗಳು ಏರುಪೇರಾದವು. ಎಂಆರ್‌ಐ ಕೋಣೆಗಂತೂ, ಅಲ್ಲಿಗೆಂದೇ ಪ್ರಮಾಣಿತವಾಗದ ಟ್ಯಾಗ್ ಹೋಗಲೇಕೂಡದು.

ಆರ್ಡರ್ ಕೊಡುವ ಮೊದಲು ಒಂದು ಮಹಡಿಯಲ್ಲಿ ತಿಂಗಳು ಬಳಸಿ ನೋಡಿ. ಟ್ಯಾಗನ್ನು ಸ್ಪಿರಿಟ್‌ನಲ್ಲಿ ದಿನವೂ ಒರೆಸಿ, ಅಂಟು ಎಷ್ಟು ದಿನ ನಿಲ್ಲುತ್ತದೆ ಗಮನಿಸಿ. ಸೆಲ್ ಬದಲಿಸುವವರು ಯಾರೆಂದು ಹೆಸರು ಬರೆದಿಡಿ. ಸಂಜೆ ಸಂದರ್ಶಕರ ಹೊತ್ತಿಗೆ ಒಂದು ಪಂಪನ್ನು ಸ್ಟೀಲ್ ಬೀರುವಿನೊಳಗಿಟ್ಟು ಬಾಗಿಲು ಹಾಕಿ, ಜಾಗ ಗೊತ್ತಿಲ್ಲದ ಸಿಸ್ಟರ್ ಒಬ್ಬರಿಗೆ ಪರದೆ ನೋಡಿ ಹುಡುಕಲು ಹೇಳಿ. ಮಾರಲು ಬಂದವರೂ ಆಗ ಪಕ್ಕದಲ್ಲೇ ನಿಂತಿರಲಿ.