ಪೂಜೆ ನಿಂತ ದೇವಾಲಯಗಳು ಉಳಿಯುವ ಬಗೆ: ಐಹೊಳೆ ಮತ್ತು ಕೂಡಲಸಂಗಮದ ಪಾಠಗಳು

ಪೂಜೆ ನಿಂತು ಪಾಳುಬಿದ್ದ ಹಳೆಯ ದೇವಾಲಯವನ್ನು, ಅದು ಗುಡಿಯಾಗಿರಲಿ, ಬಸದಿಯಾಗಿರಲಿ, ಚರ್ಚಾಗಿರಲಿ, ನೆಲಸಮವಾಗದಂತೆ ಉಳಿಸಿಕೊಳ್ಳುವ ಪ್ರಶ್ನೆ ಎದುರಾದಾಗ ಮಾತು ಬಹುಮಟ್ಟಿಗೆ ಕಲ್ಲು, ಗಾರೆ ಮತ್ತು ಶಿಲ್ಪಗಳ ಸುತ್ತಲೇ ನಡೆಯುತ್ತದೆ. ಆ ಕಟ್ಟಡದ ಒಳಗೂ ಹೊರಗೂ ತಲೆಮಾರುಗಳಿಂದ ಬದುಕು ಕಟ್ಟಿಕೊಂಡವರ ವಿಚಾರ ಕಡತದ ಕೊನೆಯ ಹಾಳೆಗೆ ಸರಿಯುತ್ತದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ಮತ್ತು ಬಾದಾಮಿ ಸೀಮೆಯ ಅನುಭವ ಈ ಕ್ರಮ ತಪ್ಪೆಂದು ತೋರಿಸುತ್ತದೆ. ಇಲ್ಲಿ ಗುಡಿಗಳಿಗೆ ಬಂದ ಅಪಾಯಗಳು ಹಲವು ಬಗೆಯವು: ಒಕ್ಕಲು, ಒತ್ತುವರಿ, ನದಿಯ ಪ್ರವಾಹ, ಎಲ್ಲಕ್ಕಿಂತ ಮಿಗಿಲಾಗಿ ಅಣೆಕಟ್ಟುಗಳ ಹಿನ್ನೀರು. ಜನರ ನೆಲೆಯ ಪ್ರಶ್ನೆ ಮೊದಲು ಬಗೆಹರಿದಲ್ಲಿ ಕಟ್ಟಡದ ಪ್ರಶ್ನೆ ಸುಲಭವಾಯಿತು. ಅದು ಬಗೆಹರಿಯದ ಕಡೆ ಎರಡೂ ಇಂದಿಗೂ ಅರ್ಧಕ್ಕೆ ನಿಂತಿವೆ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಬಾದಾಮಿ ಚಾಲುಕ್ಯರ ಕಾಲದಿಂದ ಕಲ್ಯಾಣ ಚಾಲುಕ್ಯರ ಕಾಲದವರೆಗೆ ಕಟ್ಟಿದ ನೂರಕ್ಕೂ ಹೆಚ್ಚು ಗುಡಿಗಳಿವೆ. ಗುಡ್ಡದ ಮೇಲಿನ ಮೇಗುಟಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನ ಕ್ರಿ.ಶ. 634ರದು; ಇಮ್ಮಡಿ ಪುಲಕೇಶಿಯ ಇತಿಹಾಸಕ್ಕೆ ಅದಕ್ಕಿಂತ ದೊಡ್ಡ ಆಧಾರವಿಲ್ಲ. ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘಕ್ಕೆ ಹೆಸರು ಬಂದದ್ದೂ ಈ ಊರಿನಿಂದಲೇ. ಅರಸೊತ್ತಿಗೆ ಮತ್ತು ವ್ಯಾಪಾರ ಎರಡೂ ಬೇರೆಡೆಗೆ ಸರಿದ ಮೇಲೆ ಬಹಳಷ್ಟು ಗುಡಿಗಳಲ್ಲಿ ದೀಪ ಹಚ್ಚುವವರಿಲ್ಲದಂತಾಗಿ, ಒಕ್ಕಲಿಗರು, ಕಸುಬುದಾರರು, ಅಂಬಿಗರು ಕ್ರಮೇಣ ಅವುಗಳೊಳಗೆ ಮತ್ತು ಅವುಗಳಿಗೆ ಒತ್ತಿಕೊಂಡು ಮನೆ ಮಾಡಿದರು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಲಾಡಖಾನ ಗುಡಿ ಎಂದು ಇಂದು ಕರೆಯಲಾಗುವ ಕಟ್ಟಡಗಳು ಕಟ್ಟಿಸಿದವರ ಹೆಸರನ್ನಾಗಲಿ ಮೂಲ ದೈವದ ಹೆಸರನ್ನಾಗಲಿ ಹೊತ್ತಿಲ್ಲ, ನಂತರದ ಕಾಲದಲ್ಲಿ ಅವುಗಳೊಂದಿಗೆ ನಂಟು ಬೆಳೆಸಿದವರ ಗುರುತನ್ನು ಹೊತ್ತಿವೆ. ಲಾಡಖಾನನೆಂಬಾತ ಆ ಗುಡಿಯಲ್ಲೇ ವಾಸವಾಗಿದ್ದವನು.

ಈ ವಾಸವನ್ನು ಕೇವಲ ಹಾನಿಯೆಂದು ಬಗೆಯುವುದು ಸರಿಯಲ್ಲ. ಕಂಬಗಳ ನಡುವೆ ಎಬ್ಬಿಸಿದ ಮಣ್ಣಿನ ಗೋಡೆಗಳು ಶಿಲ್ಪಗಳನ್ನು ಮುಚ್ಚಿದವು, ಒಲೆಯ ಹೊಗೆ ಭುವನೇಶ್ವರಿಗೆ, ಅಂದರೆ ಮಂಟಪದ ನಡುವಿನ ಕೆತ್ತನೆಯ ಮಾಡಿಗೆ, ಮಸಿ ಹಿಡಿಸಿತು, ದನ ಕಟ್ಟಿದ ಜಾಗದ ತೇವ ಮರಳುಗಲ್ಲಿನ ಬುಡವನ್ನು ತಿಂದಿತು, ಇದೆಲ್ಲ ನಿಜ. ಆದರೆ ಒಕ್ಕಲಿರುವ ಗುಡಿಯ ತೊಲೆಯನ್ನು ಕಿತ್ತುಕೊಂಡು ಹೋಗಲು ಯಾರೂ ಬರುವುದಿಲ್ಲ, ಅದರ ಮಾಡಿನಲ್ಲಿ ಆಲದ ಬೇರು ಇಳಿಯುವುದನ್ನು ಒಳಗಿರುವವರು ಬಿಡುವುದಿಲ್ಲ, ಸೋರುವ ಸಂದಿಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಮೆತ್ತದೆ ಇರುವುದಿಲ್ಲ. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಭಾರದಿಂದಲೇ ನಿಲ್ಲಿಸಿದ ಚಾಲುಕ್ಯ ಕಟ್ಟಡಕ್ಕೆ ಸಂದಿಯಲ್ಲಿ ಬೆಳೆಯುವ ಗಿಡಕ್ಕಿಂತ ದೊಡ್ಡ ಶತ್ರುವಿಲ್ಲವೆಂಬುದನ್ನು ನೆನೆದರೆ, ಆ ಬಡ ಕುಟುಂಬಗಳು ಸಂಬಳವಿಲ್ಲದ ಕಾವಲುಗಾರರೂ ಆಗಿದ್ದವೆಂದು ಒಪ್ಪಲೇಬೇಕಾಗುತ್ತದೆ.

ಹೊರಜಗತ್ತಿನ ಗಮನ ಐಹೊಳೆಯತ್ತ ಹರಿದದ್ದು 19ನೆಯ ಶತಮಾನದ ನಡುವೆ. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ಗ್ರಂಥದ ಮೂಲಕ ಈ ಭಾಗದ ಗುಡಿಗಳ ಛಾಯಾಚಿತ್ರಗಳು ವಿದ್ವಾಂಸರ ಕೈಸೇರಿದವು; ಹೆನ್ರಿ ಕಸೆನ್ಸರ ಸಮೀಕ್ಷಾ ಗ್ರಂಥ 1926ರಲ್ಲಿ ಹೊರಬಂತು. 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಮತ್ತು ಸ್ವಾತಂತ್ರ್ಯದ ನಂತರ ಬಂದ 1958ರ ಕಾಯಿದೆಗಳ ಅಡಿಯಲ್ಲಿ ಮುಖ್ಯ ಗುಡಿಗಳು ಸಂರಕ್ಷಿತ ಸ್ಮಾರಕಗಳಾದವು, ಅಂದರೆ ಅವುಗಳನ್ನು ಕೆಡಹುವುದು, ಮಾರ್ಪಡಿಸುವುದು, ವಿರೂಪಗೊಳಿಸುವುದು ಶಿಕ್ಷಾರ್ಹ ಅಪರಾಧವಾಯಿತು. ಒಳಗಿದ್ದ ಮನೆಗಳು ತೆರವಾದವು. ಆದರೆ ಗುಡಿಗಳ ಗೋಡೆಗೆ ಗೋಡೆ ತಾಗಿಸಿಕೊಂಡ ಊರು ಉಳಿಯಿತು, ಮತ್ತು ನಿಜವಾದ ಬಿಕ್ಕಟ್ಟು ಆರಂಭವಾದದ್ದೇ ಅಲ್ಲಿಂದ.

2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಅದರಾಚೆಯ 200 ಮೀಟರು ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಬಯಲಿನಲ್ಲಿ ಒಂಟಿಯಾಗಿ ನಿಂತ ಸ್ಮಾರಕಕ್ಕೆ ಈ ನಿಯಮ ಹೊಂದುತ್ತದೆ. ಹೆಜ್ಜೆಗೊಂದು ಗುಡಿಯಿರುವ ಐಹೊಳೆಯಲ್ಲಿ ವಲಯಗಳು ಒಂದರ ಮೇಲೊಂದು ಹಾಯ್ದು ಊರನ್ನೇ ಆವರಿಸುತ್ತವೆ. ಮಗನ ಮದುವೆಗೆ ಒಂದು ಕೋಣೆ ಏರಿಸಲಾಗದ, ಶೌಚಾಲಯಕ್ಕೂ ಅನುಮತಿಗಾಗಿ ಅಲೆಯಬೇಕಾದ ಮನೆಯವನಿಗೆ ಪಕ್ಕದ ಗುಡಿ ಹೆಮ್ಮೆಯ ವಸ್ತುವಾಗಿ ಕಾಣಲೆಂದು ಬಯಸುವುದು ಅವನ ಮೇಲೆ ಹೊರಿಸುವ ಅನ್ಯಾಯ. ಊರನ್ನು ಸ್ಥಳಾಂತರಿಸುವ ಪ್ರಸ್ತಾಪ ದಶಕಗಳಿಂದ ಸರ್ಕಾರದ ಮುಂದಿದೆ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ಸ್ಮಾರಕಗಳನ್ನು ಒಟ್ಟಾಗಿ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದ ಮೇಲೆ ಅದರ ತುರ್ತು ಹೆಚ್ಚಿದೆ. ಪಟ್ಟದಕಲ್ಲು ಒಂದಕ್ಕೇ ವಿಶ್ವ ಪರಂಪರೆಯ ಪೂರ್ಣ ಮಾನ್ಯತೆ 1987ರಲ್ಲಿ ದೊರೆತಿತ್ತು.

ಸ್ಥಳಾಂತರವಾದರೂ ಅದು ಬುಲ್ಡೋಜರ್ ಓಡಿಸಿ ಮುಗಿಸುವ ಕೆಲಸವಲ್ಲ. 1970ರ ದಶಕದಲ್ಲಿ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರು ಅಂಬಿಗೇರ ಗುಡಿಯ ಬಳಿ ನಡೆಸಿದ ಉತ್ಖನನದಲ್ಲಿ ಚಾಲುಕ್ಯರಿಗಿಂತ ಹಳೆಯದಾದ ಇಟ್ಟಿಗೆಯ ಕಟ್ಟಡದ ತಳಪಾಯ ಕಂಡುಬಂದಿತು. ಇಂದಿನ ಮನೆಗಳ ಹಿತ್ತಿಲು, ಹಗೇವು, ಕಟ್ಟೆಗಳ ಕೆಳಗೆ ಇನ್ನೇನಿದೆಯೋ ಅದೆಲ್ಲವೂ ಅಲ್ಲಿನ ನಿವಾಸಿಗಳ ಸಹಕಾರದಿಂದ, ನಿಧಾನವಾಗಿ, ದಾಖಲಾಗುತ್ತ ಹೊರಬರಬೇಕು. 2011ರಲ್ಲಿ ಹಂಪಿಯ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದವರ ಮನೆ, ಅಂಗಡಿಗಳನ್ನು ಪುನರ್ವಸತಿಗೆ ಮೊದಲೇ ಕೆಡವಿದಾಗ ಕಲ್ಲಿನ ಸಾಲುಗಳೇನೋ ತೆರವಾದವು, ಊರಿಗೂ ಸ್ಮಾರಕಕ್ಕೂ ಇದ್ದ ವಿಶ್ವಾಸ ಮುರಿಯಿತು. ಐಹೊಳೆಯಲ್ಲಿ ಅದು ಮರುಕಳಿಸಬಾರದು.

ನೀರಿನಿಂದ ಬರುವ ಅಪಾಯದ ಬಗೆ ಬೇರೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಇದಕ್ಕೆ ಎಚ್ಚರಿಕೆಯ ಉದಾಹರಣೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಭಕ್ತರಿಗೆ ಬೇರೆಡೆ ನೆಲೆ ದೊರೆಯಿತು, ಚರ್ಚು ಮಾತ್ರ ಹಿನ್ನೀರಿನಲ್ಲಿ, ಅಂದರೆ ಕಟ್ಟೆಯ ಹಿಂದೆ ಹರಡುವ ನೀರಿನಲ್ಲಿ, ಉಳಿಯಿತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಹೊರಗೆ ಕಾಣುವ ಅದರ ಛಾವಣಿ ಹೋಗಿ, ಕಮಾನುಗಳು ಒಂದೊಂದಾಗಿ ಕುಸಿಯುತ್ತಿವೆ. ಯಾರೂ ಅದನ್ನು ಕೆಡವಲಿಲ್ಲ. ಕೆಡವದೆಯೇ ಅದು ಬೀಳುತ್ತಿದೆ. ಚಿತ್ರ ತೆಗೆಯಲು ಬರುವ ಪ್ರವಾಸಿಗರು ಸಾವಿರಾರು, ಅದರ ಹೊಣೆ ಹೊರುವ ಊರು ಹತ್ತಿರದಲ್ಲಿಲ್ಲ.

ಇದಕ್ಕೆ ಎದುರಾಗಿ ಕೃಷ್ಣಾ–ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಇಡಬಹುದು. 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಿಸುವ ಸ್ಥಿತಿ ಬಂದಾಗ ಆ ಸ್ಥಳವನ್ನು ಕದಲಿಸಲಿಲ್ಲ; ಸುತ್ತ ಎತ್ತರವಾದ ದುಂಡು ಗೋಡೆ ಎಬ್ಬಿಸಿ, ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯುವ ವ್ಯವಸ್ಥೆ ಮಾಡಲಾಯಿತು. ಶ್ರೀಶೈಲ ಜಲಾಶಯ ತುಂಬುವಾಗ ಮತ್ತೊಂದು ಮಾರ್ಗ ಹಿಡಿಯಲಾಯಿತು: ಕೂಡವೆಲ್ಲಿಯ ಸಂಗಮೇಶ್ವರ ಗುಡಿಯ ಕಲ್ಲುಗಳಿಗೆ ಸಂಖ್ಯೆ ಬರೆದು, ಬಿಚ್ಚಿ, ಆಲಂಪುರಕ್ಕೆ ಸಾಗಿಸಿ ಮೊದಲಿನಂತೆ ಜೋಡಿಸಿದರು. ಚಾಲುಕ್ಯರ ಗಾರೆಯಿಲ್ಲದ ಕಟ್ಟುವಿಕೆಯೇ ಈ ಬಿಚ್ಚಿ ಜೋಡಿಸುವ ವಿಧಾನವನ್ನು ಸಾಧ್ಯವಾಗಿಸಿತು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಶೆಟ್ಟಿಹಳ್ಳಿಯ ಚರ್ಚಿಗೆ ಅದು ಅಷ್ಟು ಸುಲಭವಾಗಿ ಒದಗುತ್ತಿರಲಿಲ್ಲ. ಆದರೂ ತಂತ್ರಜ್ಞಾನಕ್ಕಿಂತ ಮುಖ್ಯವಾದದ್ದು ಬೇರೆಯಿದೆ. ಕೂಡಲಸಂಗಮದ ಬೆನ್ನಿಗೆ ನಾಡಿನಾದ್ಯಂತ ಶರಣ ಪರಂಪರೆಯ ಲಕ್ಷಾಂತರ ಜನರಿದ್ದರು. ಶೆಟ್ಟಿಹಳ್ಳಿಯ ಬೆನ್ನಿಗೆ ಚದುರಿಹೋದ ಒಂದು ಸಣ್ಣ ಸಮುದಾಯವಷ್ಟೇ ಇತ್ತು. ಬೆಂಬಲ ಹೆಚ್ಚಿದ್ದ ದೇವಾಲಯ ಉಳಿಯುವುದು, ಇಲ್ಲದ್ದು ನೀರುಪಾಲಾಗುವುದು ಸಂರಕ್ಷಣೆಯ ನೀತಿಯಾಗಲಾರದು.

ಈ ಮಾತಿಗೆ ಬಾಗಲಕೋಟೆಯಲ್ಲಿ ಇಂದೇ ಮಹತ್ವವಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದ್ದು, ಅದು ಜಾರಿಯಾದರೆ ಹಳೆಯ ಬಾಗಲಕೋಟೆಯ ಉಳಿದ ಭಾಗಗಳೂ ಇನ್ನಷ್ಟು ಹಳ್ಳಿಗಳೂ ಮುಳುಗಡೆಗೆ ಸೇರುತ್ತವೆ. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲದ ಗುಡಿ, ಮಠ, ದರ್ಗಾ, ಚರ್ಚುಗಳು ಆ ಊರುಗಳಲ್ಲಿವೆ. ಮನೆ ಮತ್ತು ಹೊಲಗಳ ಪರಿಹಾರಕ್ಕಾಗಿ ಸಮೀಕ್ಷೆ ನಡೆಸುವ ತಂಡಗಳ ಜೊತೆಗೇ ಈ ಕಟ್ಟಡಗಳ ಅಳತೆ, ಚಿತ್ರ, ಶಾಸನಗಳ ಪಡಿಯಚ್ಚು ತೆಗೆಯುವವರನ್ನೂ ಕಳುಹಿಸಬೇಕು. ಯಾವುದನ್ನು ಗೋಡೆ ಕಟ್ಟಿ ಉಳಿಸುವುದು, ಯಾವುದನ್ನು ಬಿಚ್ಚಿ ಪುನರ್ವಸತಿ ಕೇಂದ್ರಕ್ಕೆ ಒಯ್ಯುವುದು ಎಂಬುದನ್ನು ಊರವರ ಮುಂದೆಯೇ ನಿರ್ಧರಿಸಬೇಕು. ಮತ್ತು ಈ ಕೆಲಸ ನೀರು ಏರುವ ಮೊದಲು, ಜನ ಇನ್ನೂ ತಮ್ಮ ಊರಿನಲ್ಲಿರುವಾಗಲೇ, ಮುಗಿಯಬೇಕು.